ಮುರಿದವನೇ ಉಳಬೇಕು

ಮೂಳೆ ಮುರಿದದ್ದು ಮುನಿಯಣ್ಣನ ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು. ಹಸಿ ಜೋಳದ ದಂಟು ಮುರಿದ ಹಾಗೆ. ಕಬಡ್ಡಿ ಅಂಕಣದ ಎಡಮೂಲೆಯಲ್ಲಿ ನಿಂತು ಹರೆಯದಿಂದಲೂ ಕಾಲು ಹಿಡಿದುಕೊಂಡು ಬಂದ ಕೈ ಅದು. ಹಿಡಿದ ಕಾಲು ಜಾರಿದರೆ ಒಂದು ಥರ, ಸೋತು ಸಡಿಲವಾದರೆ ಇನ್ನೊಂದು ಥರ, ಎಲ್ಲ ಅದಕ್ಕೆ ಗೊತ್ತು. ಇದು ಅದ್ಯಾವುದೂ ಅಲ್ಲ. ಅವನು ಕೈ ಬಿಡುವಷ್ಟರಲ್ಲಿ ತಂಡದ ಉಳಿದವರೆಲ್ಲ ದಾಳಿಗೆ ಬಂದಿದ್ದ ಮಲಕಪ್ಪನ ಮೇಲೆ ಬಿದ್ದಾಗಿತ್ತು.

"ಏಳ್ರೋ! ಮೇಲೇಳ್ರೋ! ಕಾಲು ಓಯ್ತು ಕಣ್ರೋ!"

ತಮಟೆಯವರಿಗೆ ಅವನ ಕೂಗು ಕೇಳಲಿಲ್ಲ. ಎಂಎಲ್‌ಎ ಮುನಿಯಣ್ಣ ಸಾಹೇಬರು ಹಿಡಿದರು ಅಂತ ಅವರು ಇನ್ನೂ ಜೋರಾಗಿ ಬಾರಿಸಿದರು. ಅಂಪೈರ್ ಸೀಟಿ ಊದಿ ಹೊನ್ನೇಕುಂಟೆ ಹಳಬರ ತಂಡಕ್ಕೆ ಪಾಯಿಂಟ್ ಕೊಟ್ಟ.

ಎದುರಾಳಿಯ ಉಸಿರು ಮುರಿದರೆ ಅಲ್ಲಿಗೆ ಮುಗಿಯಿತು, ಹಿಡಿದವನು ಬಿಡಬೇಕು. ಮಲಕಪ್ಪನ ಬಾಯಲ್ಲಿ 'ಕಬಡ್ಡಿ ಕಬಡ್ಡಿ' ನಿಂತುಹೋಗಿತ್ತು. ನಿಂತ ತಕ್ಷಣ ಮುನಿಯಣ್ಣ ಬಿಟ್ಟನೋ, ಬಿಡುವ ಮೊದಲು ಆ ಕಾಲನ್ನು ಇನ್ನೊಂದು ಸುತ್ತು ತಿರುಚಿದನೋ, ಆ ಧೂಳಿನಲ್ಲಿ ಯಾರೂ ನೋಡಿರಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದನ್ನು ಮಾತ್ರ ಎಲ್ಲರೂ ನೋಡಿದ್ದರು. ಹಿಂದಿನ ಸಲ ದಾಳಿಗೆ ಬಂದಿದ್ದ ಮಲಕಪ್ಪ ಮುನಿಯಣ್ಣನನ್ನು ಮುಟ್ಟಿ ಔಟ್ ಮಾಡಿದ್ದ. ಎಲ್ಲಿ ಬೇಕಾದರೂ ಮುಟ್ಟಬಹುದಿತ್ತು. ಅವನು ಮುಟ್ಟಿದ್ದು ಬೋಳುತಲೆಯನ್ನು. ಮಗುವಿನ ತಲೆ ತಟ್ಟುವ ಹಾಗೆ ಮೆತ್ತಗೆ ತಟ್ಟಿ, ಗೆರೆ ದಾಟಿ ತೊಡೆ ಚಪ್ಪರಿಸಿದ್ದ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತ್ತು. ಮುನಿಯಣ್ಣನ ಅಕ್ಕನ ಮಗ, ಅವನ ಫೋನು, ಫೈಲು ನೋಡಿಕೊಳ್ಳುವ ಮುನಿರಾಜುವೂ ನಕ್ಕಿದ್ದ. ಆಮೇಲೆ ತಂಡಕ್ಕೊಂದು ಪಾಯಿಂಟ್ ಸಿಕ್ಕಿ ಮುನಿಯಣ್ಣ ಮತ್ತೆ ಅಂಕಣಕ್ಕೆ ಬಂದಿದ್ದ.

ಮಲಕಪ್ಪ ಯಾದಗಿರಿ ಕಡೆಯವನು. ಮೈದಾನದ ಆಚೆ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಕಂಬಿ ಕಟ್ಟುವ ಗ್ಯಾಂಗಿನಲ್ಲಿದ್ದ. ವರ್ಷಕ್ಕೊಮ್ಮೆ ಊರಿನ ಹಳಬರೂ ಸೈಟಿನ ತಗಡು ಶೆಡ್ಡುಗಳಲ್ಲಿರುವ ಕೂಲಿಯವರೂ ಆಡುವ ಪಂದ್ಯವನ್ನು ಶುರುಮಾಡಿಸಿದವನೇ ಮುನಿಯಣ್ಣ. ಪಕ್ಷದವರು ಇದನ್ನು ಸೌಹಾರ್ದ ಪಂದ್ಯ ಅನ್ನುತ್ತಿದ್ದರು. ಮುನಿಯಣ್ಣನಿಗೆ ಆಡುವ ಚಟ, ಅಷ್ಟೇ.

ಪಂದ್ಯಕ್ಕೆ ಮುಂಚೆ ಅವನು ಮೈಕ್ ಹಿಡಿದು ಮಾತಾಡಿದ್ದ. ಪ್ರತಿ ಚುನಾವಣೆಯಲ್ಲೂ ಹೇಳಿದ ಕಥೆಯನ್ನೇ ಮತ್ತೆ ಹೇಳಿದ್ದ. ತಾನಿನ್ನೂ ರಾಗಿ, ಅವರೆ ಬೆಳೆದುಕೊಂಡಿದ್ದ ಕಾಲ. ಇದೇ ಮಣ್ಣಿನಲ್ಲಿ ಪಕ್ಕದೂರಿನ ಚಿನ್ನಪ್ಪಯ್ಯನ ಭುಜ ತನ್ನ ಹಿಡಿತದಲ್ಲಿ ಮುರಿಯಿತು. ಆಗ ಮುಂಗಾರು. ಆ ವರ್ಷ ಚಿನ್ನಪ್ಪಯ್ಯನ ಹೊಲವನ್ನು ಉತ್ತು, ಬಿತ್ತಿ, ಕಳೆ ತೆಗೆಸಿಕೊಟ್ಟವನು ತಾನು. "ಆಟದಾಗೆ ಒಬ್ಬನ ಮೂಳೆ ಮುರುದ್ರೆ, ಅವ್ನು ಎದ್ದು ನಿಲ್ಲೋಗಂಟ ಅವ್ನ ಕೆಲ್ಸ ಮುರುದೋನೇ ಮಾಡ್ಬೇಕು. ದುಡ್ಡು ಕೊಟ್ಟು ಕೈ ತೊಳ್ಕೊಳಂಗಿಲ್ಲ. ಇದು ಹೊನ್ನೇಕುಂಟೆ ಮೈದಾನದ ಕಟ್ಟಳೆ!" ಜನ ಚಪ್ಪಾಳೆ ಹೊಡೆದಿದ್ದರು. ಊರಿನವರು ಎಷ್ಟೋ ಸಲ ಕೇಳಿದ ಕಥೆ. ಶೆಡ್ಡಿನವರು ಕೇಳಿದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಮುನಿಯಣ್ಣನ ಮನೆ ಮುಂದೆ ಎಂದಿನಂತೆ ಅರ್ಜಿ ಹಿಡಿದವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹೆಂಗಸೊಬ್ಬಳು ಮಾತ್ರ ಕೂರದೆ ಗೇಟಿನ ಹತ್ತಿರ ನಿಂತಿದ್ದಳು. ಮುನಿಯಣ್ಣ ಹೊರಗೆ ಬಂದ ಕೂಡಲೇ ನೇರವಾಗಿ ಮುಂದೆ ಬಂದಳು.

"ನಾ ಮಲಕಪ್ಪನ ಹೆಣ್ತಿ ರೀ, ಮಹಾನಂದಾ."

"ಎಂಗವ್ನಮ್ಮ? ಪ್ಲಾಸ್ಟ್ರು ಆಕಿದ್ರಂತೆ?"

"ಹಾಕ್ಯಾರ್ರಿ. ಮೊಣಕಾಲ ಕೆಳಗಿನ ಎರಡೂ ಎಲುಬು ಮುರದಾವಂತ. ಎದ್ದು ಅಡ್ಡಾಡಾಕ ಎರಡ್ಮೂರು ತಿಂಗಳು ಬೇಕಂತ." ಅವಳು ಸೆರಗು ಸರಿಮಾಡಿಕೊಂಡಳು. "ಇವತ್ತೊಂದಿನ ಮೇಸ್ತ್ರಿ ರಜಾ ಅಂತ ಬರಕೊಂಡಾನ. ನಾಳೆ ಎಷ್ಟೊತ್ತಿಗೆ ಬರ್ತೀರಿ ಸಾಹೇಬ್ರ? ಏಳಕ್ಕ ಹಾಜರಿ ಕೂಗತಾರ."

ಮುನಿಯಣ್ಣನಿಗೆ ತಿಳಿಯಲಿಲ್ಲ. "ಎಲ್ಲಿಗಮ್ಮ?"

"ಕೆಲಸಕ್ಕ ರೀ. ಅವರ ಬದಲಿ."

ಕುರ್ಚಿಯಲ್ಲಿ ಕೂತಿದ್ದವನೊಬ್ಬ ಕಿಸಕ್ಕನೆ ನಕ್ಕ. ಮಹಾನಂದಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಮುಖದಲ್ಲಿ ಕುಹಕವಿರಲಿಲ್ಲ, ಬೇಡುವ ಭಾವವೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವವರ ಮುಖ ಅದು. ಮೈಕಿನಲ್ಲಿ ಹೇಳಿದ್ದನ್ನು ಈ ಹೆಂಗಸು ಹೇಳಿದ ಹಾಗೇ ನಂಬಿದ್ದಾಳೆ ಅಂತ ಮುನಿಯಣ್ಣನಿಗೆ ಆಗ ಅರ್ಥವಾಯಿತು. ಇಷ್ಟು ವರ್ಷದ ರಾಜಕೀಯದಲ್ಲಿ ಅವನಿಗೆ ಯಾರೂ ಈ ಗತಿ ತಂದಿರಲಿಲ್ಲ.

ಮುನಿರಾಜು ನಡುವೆ ಬಂದ. "ಅಕ್ಕಾ, ಆಸ್ಪತ್ರೆ ಖರ್ಚೆಲ್ಲ ಸಾರ್ ನೋಡ್ಕೊತಾರೆ. ಮನೆ ಖರ್ಚಿಗೂ ಕೊಡ್ತಾರೆ. ನೀವು ಆರಾಮಾಗಿರಿ."

"ರೊಕ್ಕ ತಗೊಂಡು ಏನ್ ಮಾಡ್ಲಿ ತಮ್ಮಾ? ಗ್ಯಾಂಗಿನಾಗ ಜಾಗ ಖಾಲಿ ಬಿದ್ರ ಮೇಸ್ತ್ರಿ ಬ್ಯಾರೆ ಆಳ ಹಚ್ಚತಾನ. ಜಾಗ ಹೋದ್ರ ಶೆಡ್ಡು ಹೋಗ್ತದ. ಜಾಗ ಇದ್ದಾವಂಗ ಶೆಡ್ಡು. ಮುರದ ಕಾಲ ತಗೊಂಡು ಅವರನ್ನ ಎಲ್ಲಿ ಮಲಗಿಸ್ಲಿ? ನಮ್ಮ ತಮ್ಮ ಮುತ್ತಣ್ಣನೂ ಅದೇ ಗ್ಯಾಂಗಿನಾಗ ಅದಾನ. ಅವಾ ಹೇಳಿದಾ, ಸಾಹೇಬ್ರು ಬರಂಗಿಲ್ಲ, ದೊಡ್ಡವರು ಮೈಕಿನಾಗ ಏನಾರ ಅಂತಾರ ಅಂದಾ. ನಾ ಅಂದೆ, ದೊಡ್ಡವರು ಅಷ್ಟು ಮಂದಿ ಮುಂದ ಸುಳ್ಳು ಹೇಳಂಗಿಲ್ಲಂತ."

ಅವಳು ಹೋದ ಮೇಲೆ ಮುನಿಯಣ್ಣ ಮಾಡಿದ್ದು ಯಾವ ಎಂಎಲ್‌ಎ ಆದರೂ ಮಾಡುವ ಕೆಲಸ. ಸೈಟ್ ಮ್ಯಾನೇಜರನಿಗೆ ಫೋನ್ ಹಾಕಿಸಿದ. ಮಲಕಪ್ಪನ ಜಾಗಕ್ಕೂ ಶೆಡ್ಡಿಗೂ ತೊಂದರೆಯಾಗಬಾರದು ಅಂದ. ಆ ಕಡೆಯಿಂದ "ಶೂರ್ ಸಾರ್, ಡೋಂಟ್ ವರಿ ಸಾರ್" ಅಂತ ಬಂತು. ಕೆಲಸ ಮುಗಿಯಿತು ಅಂದುಕೊಂಡ.

ಮುಗಿದಿರಲಿಲ್ಲ. ಮಧ್ಯಾಹ್ನಕ್ಕೆ ಮುನಿರಾಜು ಮುಖ ಸಣ್ಣಗೆ ಮಾಡಿಕೊಂಡು ಬಂದ. "ಮಾವ, ಎಡವಟ್ಟಾಯ್ತು. ನೀನ್ ಫೋನ್ ಮಾಡಿದ್ದೇ ತಪ್ಪಾಯ್ತು. ಎಂಎಲ್‌ಎ ಫೋನ್ ಬಂತು ಅಂದ್ರೆ ಇದು ನಾಳೆ ಕೇಸಾಗುತ್ತೆ, ಪೇಪರ್‌ನೋರು ಬರ್ತಾರೆ ಅಂತ ಮ್ಯಾನೇಜರ್ ಹೆದರ್‌ಕೊಂಡವ್ನೆ. ನಾಳೆ ಜಾಗ ಖಾಲಿ ಇದ್ರೆ ರಾಯಚೂರಿಂದ ಬಂದಿರೋ ಆಳಿಗೆ ಕೊಟ್ಬಿಡು, ಆ ಮನೆಯವ್ರನ್ನ ಊರಿಗೆ ಕಳಿಸ್ಬಿಡು ಅಂತ ಮೇಸ್ತ್ರಿಗೆ ಹೇಳವ್ನಂತೆ."

"ಇನ್ನೊಂದ್ ಸಲ ಫೋನ್ ಆಕು."

"ಎತ್ತುತಿಲ್ಲ ಮಾವ."

ಫೋನ್ ಎತ್ತದಿದ್ದದ್ದು ಯಾಕೆ ಅಂತ ಸಂಜೆಗೆ ಗೊತ್ತಾಯಿತು. ಪಕ್ಷದ ಜಿಲ್ಲಾ ಉಸ್ತುವಾರಿ ಪರಮಾನಂದ ಕಾರಿಳಿದು ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಕಾಫಿ ಕೈಗೆ ಬರುವ ಮುಂಚೆಯೇ ಶುರುಮಾಡಿದ.

"ಗುರು, ಟಿಕೆಟ್ ತೀರ್ಮಾನ ಗುರುವಾರ. ನಿನ್ನ ಹೆಸರು ಮೇಲಿದೆ. ಈ ಟೈಮಲ್ಲಿ ಯಾವನದೋ ಕಾಲು ಮುರಿಯೋದು ಬೇಕಿತ್ತಾ? ವಿಡಿಯೋ ನೋಡಿದ್ಯಾ? ಅವ್ನು ನಿನ್ ತಲೆ ಮೇಲೆ ತಟ್ಟೋದು, ನೀನು ಅವ್ನ ಕಾಲು ಹಿಡ್ಯೋದು, ಎರಡನ್ನೂ ಸೇರಿಸಿ ಓಡಿಸ್ತಾವ್ರೆ."

"ಆಟದಾಗೆ ಆಗಿದ್ದು ಪರಮಾನಂದ."

"ಗೊತ್ತು ಮಾರಾಯ, ನನಗ್ಯಾಕೆ ಹೇಳ್ತೀಯ? ನಾಳೆ ಒಂದು ಆಂಬುಲೆನ್ಸ್ ಮಾಡಿಸು. ಗಂಡ ಹೆಂಡ್ತಿ ಇಬ್ಬರನ್ನೂ ಊರಿಗೆ ಕಳಿಸು. ಕೈತುಂಬ ಕೊಟ್ಟು ಕಳಿಸು. ಮುಗೀತು."

ಮುನಿಯಣ್ಣ ಮಹಾನಂದಾ ಬಂದಿದ್ದನ್ನೂ ಕೇಳಿದ್ದನ್ನೂ ಹೇಳಿದ. ಪರಮಾನಂದ ನಕ್ಕ. ಆಮೇಲೆ ಮುನಿಯಣ್ಣನ ಮುಖ ನೋಡಿ ನಗು ನಿಲ್ಲಿಸಿದ.

"ನೋಡು, ತಮಾಷೆಗೂ ಆ ಸೈಟಿಗೆ ಕಾಲಿಡಬೇಡ. ಆ ಬಿಲ್ಡರ್ ನಮ್ಮ ಪಾರ್ಟಿಗೆ ಎಷ್ಟು ದುಡ್ಡು ಕೊಡ್ತಾನೆ ಅಂತ ನಿನಗೆ ಗೊತ್ತು. ನಿನ್ನ ಫೋನ್ ಎತ್ತಬೇಡ ಅಂತ ಮ್ಯಾನೇಜರಿಗೆ ಹೇಳಿರೋದೂ ಅವನೇ. ಎಂಎಲ್‌ಎ ಹೋಗಿ ಕೂಲಿಯವರ ಜೊತೆ ನಿಂತ್ರೆ ಹಿಂದೆ ಟಿವಿಯವರು ಬರ್ತಾರೆ. ಶೆಡ್ ತೋರಿಸ್ತಾರೆ, ಕಕ್ಕಸು ತೋರಿಸ್ತಾರೆ, ಹೆಲ್ಮೆಟ್ ಎಲ್ಲಿ ಅಂತಾರೆ. ಅವನು ಸುಮ್ನಿರ್ತಾನಾ? ಗುರುವಾರ ನಿನ್ನ ಹೆಸರು ಹೊಡೆದು ಹಾಕಿಸ್ತಾನೆ. ಆಮೇಲೆ ನನ್ನ ಅನ್ಬೇಡ."

ಕಾಫಿ ಮುಗಿಸಿ ಹೊರಟವನು ಬಾಗಿಲಲ್ಲಿ ತಿರುಗಿದ. "ಚಿನ್ನಪ್ಪಯ್ಯನ ಕಥೆ ಚೆನ್ನಾಗಿದೆ ಗುರು. ಕಥೆಯಾಗೇ ಇರ್ಲಿ."

ಅದು ಮುನಿಯಣ್ಣನಿಗೆ ನಾಟಿತು. ಯಾಕೆಂದರೆ ಅದು ಕಥೆಯಾಗಿರಲಿಲ್ಲ. ಅವನು ನಿಜವಾಗಿಯೂ ಆ ಹೊಲ ಉತ್ತಿದ್ದ. ತನ್ನ ಹೊಲ ತಡವಾಗಿ ಬಿತ್ತಿ, ಆ ವರ್ಷ ಪೈರು ಸೊರಗಿ, ಅಪ್ಪನ ಕೈಲಿ ಬೈಸಿಕೊಂಡಿದ್ದ. ಆದರೆ ಹೇಳುತ್ತ ಹೇಳುತ್ತ, ಪಂಚಾಯಿತಿ ಚುನಾವಣೆಯಲ್ಲಿ ಹೇಳಿ, ಜಿಲ್ಲಾ ಪಂಚಾಯಿತಿಯಲ್ಲಿ ಹೇಳಿ, ವಿಧಾನಸಭೆಗೆ ನಿಂತಾಗ ಹೇಳಿ, ಅದು ಅವನ ಬಾಯಲ್ಲೇ ಕಥೆಯಾಗಿಬಿಟ್ಟಿತ್ತು. ಉತ್ತ ಹೊಲದ ಮೇಲೆ ಈಗ ಲೇಔಟ್ ಆಗಿತ್ತು. ಅದಕ್ಕೆ ಕಂದಾಯ ಇಲಾಖೆಯಿಂದ ಒಪ್ಪಿಗೆ ಕೊಡಿಸಿದವನೂ ಅವನೇ.

ಮಂಗಳವಾರ ಬೆಳಿಗ್ಗೆ ಹಳೆಯ ಪ್ಯಾಂಟು ಹುಡುಕುತ್ತಿದ್ದವನನ್ನು ಹೆಂಡತಿ ಅನುಸೂಯಮ್ಮ ಸುಮ್ಮನೆ ನೋಡಿದಳು. ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟಳು. ಮುನಿರಾಜು ಕಾರು ತೆಗೆದ. ಮುನಿಯಣ್ಣ ಬೇಡ ಅಂದ.

"ಫೋಟೋಗಾದ್ರೂ ಬರ್ತೀನಿ ಮಾವ. ಇದನ್ನ ಸರಿಯಾಗಿ ತೋರಿಸಿದ್ರೆ..."

"ನೀನು ಆ ಕಡೆ ತಲೆ ಆಕಿದ್ರೆ ನಿನ್ ಕಾಲೂ ಮುರೀತೀನಿ. ಮನೆಗಿರು."

ಸೈಟಿನಲ್ಲಿ ಗ್ಯಾಂಗಿನವರು ಸಾಲಾಗಿ ನಿಂತಿದ್ದರು. ಮೇಸ್ತ್ರಿ ಕೊಟ್ರಪ್ಪ ಹೆಸರು ಕೂಗುತ್ತಿದ್ದ. ಸಾಲಿನ ಕೊನೆಗೆ ಬಂದು ನಿಂತವನನ್ನು ನೋಡಿ ಅವನ ಬಾಯಿ ಅರ್ಧಕ್ಕೇ ನಿಂತಿತು.

"ಸಾರ್... ನೀವು... ಇನ್‌ಸ್ಪೆಕ್ಷನ್ನಾ ಸಾರ್? ಮ್ಯಾನೇಜರ್ ಇನ್ನೂ ಬಂದಿಲ್ಲ ಸಾರ್."

"ಮಲಕಪ್ಪನ ಬದ್ಲಿ ಬಂದಿವ್ನಿ."

ಯಾರೂ ನಗಲಿಲ್ಲ. ಕೊಟ್ರಪ್ಪ ಮಲಕಪ್ಪನ ಹೆಸರು ಕೂಗಲೇ ಇಲ್ಲ. ಎಂಎಲ್‌ಎಯನ್ನು ಹಾಜರಿ ಕೂಗುವುದು ಹೇಗೆ? ತಲೆ ಬಗ್ಗಿಸಿ, ಕಳ್ಳತನದ ಹಾಗೆ ಗುರುತು ಹಾಕಿಕೊಂಡು ಮುಂದೆ ಹೋದ. "ನೀವು ಇಲ್ಲೇ ನೆರಳಲ್ಲಿ ಕೂತ್ಕೊಳಿ ಸಾರ್, ಜಾಗ ತುಂಬಿದಂಗೆ ಲೆಕ್ಕ" ಅಂದ ಪಿಸುದನಿಯಲ್ಲಿ.

"ಕುಂತ್ಕೊಂಡು ಒಲ ಉಳಕಾಯ್ತದೇನಯ್ಯ?"

ಆಗ ಸಾಲಿನಿಂದ ದಪ್ಪ ಕತ್ತಿನ, ಹಣೆಗೆ ಟವೆಲ್ ಬಿಗಿದ ಒಬ್ಬ ಹೊರಗೆ ಬಂದ. ಮಹಾನಂದಾಳ ತಮ್ಮ ಮುತ್ತಣ್ಣ ಅಂತ ಯಾರೂ ಹೇಳಬೇಕಿರಲಿಲ್ಲ. ಅದೇ ಮೂಗು, ಅದೇ ನೇರ ನೋಟ. ಭಾನುವಾರ ಮೈದಾನದಿಂದ ಭಾವನನ್ನು ಹೊತ್ತುಕೊಂಡು ಹೋದವನೂ ಅವನೇ.

"ಕುಂದ್ರೋದು ಬ್ಯಾಡ ಮೇಸ್ತ್ರಿ. ಸಾಹೇಬ್ರನ್ನ ನನ್ನ ಜೋಡಿ ಹಾಕ್ರಿ. ಕಂಬಿ ಹೊರೋದೈತಿ."

ಉದ್ದ ಕಂಬಿಗಳನ್ನು ಕೆಳಗಿನ ರಾಶಿಯಿಂದ ಎತ್ತಿ, ಇಳಿಜಾರು ಹಲಗೆಗಳ ಮೇಲೆ ಹತ್ತಿಸಿ, ನಾಲ್ಕನೇ ಮಹಡಿಗೆ ಮುಟ್ಟಿಸಬೇಕು. ಹೆಗಲ ಮೇಲೆ ಹೊತ್ತು ಸಾಲಾಗಿ ನಡೆಯಬೇಕು. ಮುತ್ತಣ್ಣ ಮುಂದೆ, ನಡುವೆ ಇಬ್ಬರು, ಮುನಿಯಣ್ಣ ಕೊನೆಗೆ. ಕೊನೆಯಲ್ಲಿ ಹೊರುವುದೆಂದರೆ ಏನು ಅಂತ ಅವನಿಗೆ ಮೊದಲ ತಿರುವಿನಲ್ಲೇ ಗೊತ್ತಾಯಿತು. ಮುಂದಿನವನು ಒಂದು ಗೇಣು ಅಲುಗಿದರೆ ಕಂಬಿಯ ಬಾಲ ಒಂದು ಮೊಳ ಹಾರುತ್ತದೆ. ಮುತ್ತಣ್ಣ ಬೇಕೆಂತಲೇ ಜೋರಾಗಿ ನಡೆದ. ಪ್ರತಿ ಹೆಜ್ಜೆಗೂ ಕಂಬಿ ಹೆಗಲ ಮೇಲೆ ಎದ್ದು ಬಿದ್ದು, ಎದ್ದು ಬಿದ್ದು, ಬನಿಯನ್ನಿನೊಳಗೆ ಚರ್ಮ ಕಿತ್ತು ಬಂತು.

"ಸಾಹೇಬ್ರ, ಮೆಲ್ಲಕ ಹೋಗ್ಲೇನ್ರಿ?"

"ನಡಿ ನಡಿ."

"ಮೈಕ್ ಹಿಡದ ಕೈಗೆ ವಜ್ಜ ಆದೀತು ಅಂತ ಕೇಳಿದೆ."

ನಡುವಿನ ಇಬ್ಬರು ನಕ್ಕರು. ಮುನಿಯಣ್ಣ ಕಂಬಿಯನ್ನು ಇನ್ನೊಂದು ಸಲ ಹೆಗಲಿಗೆ ಸರಿಸಿಕೊಂಡ. ಮೂಟೆ ಹೊತ್ತವನೇ ಅವನು. ಟೊಮೆಟೊ ಕ್ರೇಟು ಹೊತ್ತು ಲಾರಿಗೆ ತುಂಬಿದವನು. ಆದರೆ ಆ ಮೈ ಬೇರೆ, ಈ ಮೈ ಬೇರೆ. ನಡುವೆ ಎಷ್ಟೋ ಮದುವೆ ಊಟ, ಎಷ್ಟೋ ಕಾರಿನ ಸೀಟು.

ಬೆಳಿಗ್ಗೆ ಕಳಚಿ ಕಂಬಕ್ಕೆ ನೇತುಹಾಕಿದ್ದ ಜುಬ್ಬದ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ತೆಗೆದು ನೋಡಿದಾಗೊಮ್ಮೆ ಹೆಸರು ಕಾಣುತ್ತಿತ್ತು. ಪರಮಾನಂದ. ಪರಮಾನಂದ. ಆಮೇಲೆ ಬಿಲ್ಡರ್. ಮತ್ತೆ ಪರಮಾನಂದ. ಅವನು ಎತ್ತಲಿಲ್ಲ. ಮ್ಯಾನೇಜರ್ ಬಂದವನು ದೂರದಲ್ಲಿ ನಿಂತು ನೋಡಿದ. ಎಂಎಲ್‌ಎಯನ್ನು ಹೊರಗೆ ದಬ್ಬುವ ಹಾಗಿರಲಿಲ್ಲ, ಒಳಗೆ ಬಿಟ್ಟುಕೊಳ್ಳುವ ಹಾಗೂ ಇರಲಿಲ್ಲ. ಕೊಟ್ರಪ್ಪನನ್ನು ಕರೆದು ಬೈದು, ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡ.

ಊಟದ ಹೊತ್ತು ಹತ್ತಿರವಾಗಿತ್ತು. ನಾಲ್ಕನೇ ಮಹಡಿಯ ಅಂಚು. ಇನ್ನೂ ಗೋಡೆ ಎದ್ದಿರಲಿಲ್ಲ. ಒಂದು ಹಗ್ಗ ಕಟ್ಟಿದ್ದರು, ಅದೂ ಜೋತು ಬಿದ್ದಿತ್ತು. ಅಲ್ಲಿಂದ ನೋಡಿದರೆ ಒಂದು ಕಡೆ ಸರ್ಜಾಪುರದ ರಸ್ತೆ, ಇನ್ನೊಂದು ಕಡೆ ಹೊನ್ನೇಕುಂಟೆಯ ಕೆಂಪು ಮೈದಾನ. ಮುತ್ತಣ್ಣ ಬಲಕ್ಕೆ ತಿರುಗಿದ. ತಿರುಗಿದ ಕೂಡಲೇ ಕಂಬಿಯ ಬಾಲ ಎಡಕ್ಕೆ ಸರಿದು ಮುನಿಯಣ್ಣನನ್ನು ಅಂಚಿನ ಹತ್ತಿರ ತಂದು ನಿಲ್ಲಿಸಿತು. ಮುತ್ತಣ್ಣ ಅಲ್ಲೇ ನಿಂತ.

"ನಡಿಯಪ್ಪ."

ಮುತ್ತಣ್ಣ ನಡೆಯಲಿಲ್ಲ. ನಡುವಿನ ಇಬ್ಬರಿಗೂ ಏನೋ ಸರಿಯಿಲ್ಲ ಅನ್ನಿಸಿ ನಗು ನಿಂತಿತು. ಮುತ್ತಣ್ಣ ಹಿಂದೆ ತಿರುಗದೇ ಕೇಳಿದ.

"ಒಂದು ಮಾತ ಕೇಳತೀನಿ ಸಾಹೇಬ್ರ. ಖರೇ ಹೇಳ್ರಿ. ನಮ್ಮ ಭಾವನ ಕಾಲ ಆಟಕ್ಕ ಹಿಡದ್ರೋ, ಸಿಟ್ಟಿಗೆ ಹಿಡದ್ರೋ?"

ಮುನಿಯಣ್ಣ ಕಾಲ ಬುಡ ನೋಡಿಕೊಂಡ. ಎಡ ಹಿಮ್ಮಡಿಯ ಹಿಂದೆ ನೆಲವಿರಲಿಲ್ಲ. ಕಂಬಿಯ ಭಾರ ಹೆಗಲ ಮೇಲಿತ್ತು. ಅದನ್ನು ಒಬ್ಬನೇ ಕೆಳಗಿಳಿಸುವಂತಿಲ್ಲ, ಬಿಟ್ಟು ಸರಿಯುವಂತಿಲ್ಲ. ಮುತ್ತಣ್ಣ ತನ್ನ ತುದಿಯನ್ನು ಒಂದೇ ಒಂದು ಸಲ ಜಾಡಿಸಿದರೆ ಸಾಕು. ಆಮೇಲೆ ಯಾರು ಬೇಕಾದರೂ ಕಾಲು ಜಾರಿತು ಅನ್ನಬಹುದು, ಮುದುಕರಿಗೆ ಈ ಕೆಲಸ ಯಾಕೆ ಬೇಕಿತ್ತು ಅನ್ನಬಹುದು. ಈಗ ಮೂಲೆಯಲ್ಲಿ ಸಿಕ್ಕಿಬಿದ್ದವನು ತಾನು. ಹಿಡಿದವನ ಕೈಯಲ್ಲಿದೆ ಎಲ್ಲ.

ಆಟಕ್ಕೆ ಅಂದರೆ ಮುಗಿಯುತ್ತಿತ್ತು. ಪರಮಾನಂದನಿಗೆ ಹಾಗೇ ಅಂದಿದ್ದ. ಹೆಂಡತಿಗೂ ಹಾಗೇ ಅಂದಿದ್ದ.

"ಇಡ್ದಿದ್ದು ಆಟಕ್ಕೇ," ಅಂದ. "ಬಿಡ್ಬೇಕಾದಾಗ ಬಿಡ್ನಿಲ್ಲ. ಅವ್ನ ಉಸ್ರು ಮುರೀತು. ನಂಗೆ ಕೇಳಿಸ್ತು. ಕೇಳಿಸಿದ್ ಮ್ಯಾಲೂ ಒಂದ್ ಸುತ್ತು ತಿರುವ್ದೆ. ಅದು ಸಿಟ್ಟಿಗೆ."

ಕೆಳಗೆ ಎಲ್ಲೋ ಕಾಂಕ್ರೀಟ್ ಮಿಷನ್ನು ತಿರುಗುತ್ತಿತ್ತು. ನಡುವಿನ ಇಬ್ಬರಲ್ಲಿ ಒಬ್ಬ "ಮುತ್ತಣ್ಣಾ, ಬ್ಯಾಡ" ಅಂದ. ಬಹಳ ಮೆತ್ತಗೆ ಅಂದ.

ಕಂಬಿ ಒಮ್ಮೆ ಅಲುಗಿತು. ಮುನಿಯಣ್ಣ ಕಣ್ಣು ಮುಚ್ಚಿದ. ಮುತ್ತಣ್ಣ ಎಡಕ್ಕೆ ಒಂದು ಹೆಜ್ಜೆ ಇಟ್ಟಿದ್ದ. ಬಾಲ ಬಲಕ್ಕೆ ಸರಿದು, ಅಂಚು ಹಿಂದಕ್ಕೆ ಹೋಯಿತು.

"ಇಳಸ್ರಿ," ಅಂದ ಮುತ್ತಣ್ಣ. ಎಲ್ಲರೂ ಒಟ್ಟಿಗೆ ಬಗ್ಗಿ ಕಂಬಿ ಇಳಿಸಿದರು. ಅವನು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಭಾವಗ ಗೊತ್ತೈತಿ. ಆಸ್ಪತ್ರ್ಯಾಗ ಅಂದಾ, ಕೈ ಬಿಡಲಿಲ್ಲ ಮುದುಕ ಅಂತ. ಯಾರ ಮುಂದೂ ಅನಬ್ಯಾಡ, ನಾನೂ ತೆಲಿ ಮ್ಯಾಲ ಹೊಡೀಬಾರದಿತ್ತು ಅಂದಾ. ಆಟಕ್ಕ ಹಿಡದೆ ಅಂತ ನೀವು ಅಂದಿದ್ರ..." ಬೀಡಿ ಹಚ್ಚಿಕೊಂಡು ಮೆಟ್ಟಿಲಿಳಿದು ಹೋದ.

ಮುನಿಯಣ್ಣ ಅಲ್ಲೇ ಕಂಬಿ ರಾಶಿಯ ಮೇಲೆ ಕೂತ. ಚಿತ್ರಾನ್ನದ ಡಬ್ಬಿ ತೆರೆದ. ಕೈಯೆಲ್ಲ ತುಕ್ಕು. ಹಾಗೇ ತಿಂದ.

ಬುಧವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲು ಅನುಸೂಯಮ್ಮ ಕೈ ಕೊಡಬೇಕಾಯಿತು. ಹೆಗಲಿಗೆ ಎಣ್ಣೆ ಅರಿಶಿನ ಹಚ್ಚಿದಳು. ಅಷ್ಟರಲ್ಲಿ ಅವನು ಕಂಬಿ ಹೊರುವ ವಿಡಿಯೋ ಊರೆಲ್ಲ ಓಡಾಡಿತ್ತು. ಸೈಟಿನವರೇ ಯಾರೋ ತೆಗೆದಿದ್ದರು. ಅರ್ಧ ಜನ 'ಎಲೆಕ್ಷನ್ ಡ್ರಾಮಾ' ಅಂದರು, ಅರ್ಧ ಜನ 'ಸಕ್ಕತ್ ಡ್ರಾಮಾ' ಅಂದರು. ಡ್ರಾಮಾ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪರಮಾನಂದ ಹೇಳಿದ್ದಂತೆ ಟಿವಿಯವರೂ ಬಂದರು. ಗೇಟಿನಲ್ಲಿ ತಡೆದದ್ದಕ್ಕೆ ಬೇಲಿಯ ಸಂದಿಯಿಂದ ಶೆಡ್ಡುಗಳನ್ನೂ ಬಾಗಿಲಿಲ್ಲದ ಕಕ್ಕಸುಗಳನ್ನೂ ತೋರಿಸಿಬಿಟ್ಟರು.

ಗುರುವಾರ ಮಧ್ಯಾಹ್ನ ಅವನು ಮೇಲಿನ ಮಹಡಿಯಲ್ಲಿ ಕೂತು ಕಂಬಿಗೆ ತಂತಿ ಬಿಗಿಯುತ್ತಿದ್ದ. ಹೊರುವ ಕೆಲಸದಿಂದ ಮುತ್ತಣ್ಣನೇ ಅವನನ್ನು ತೆಗೆಸಿ ಇಲ್ಲಿ ಕೂರಿಸಿದ್ದ. ಕನಿಕರಕ್ಕಲ್ಲ. "ಮುದುಕರು ನಡುವ ಬಿದ್ರ ನಮ್ಮ ಹೆಗಲೂ ಹೋಗ್ತಾವ" ಅಂದಿದ್ದ. ಆಗ ಮುನಿರಾಜು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಹಾಕಿದ್ದ ಬೂಟಿನ ತುಂಬ ಸಿಮೆಂಟು.

"ಓಯ್ತು ಮಾವ."

ಮುನಿಯಣ್ಣ ತಂತಿಯ ಗಂಟು ತಿರುವಿ ಮುಗಿಸಿದ. "ಯಾರ್ಗೆ ಕೊಟ್ರು?"

"ಯಾರ್ಗೆ ಅಂತೀಯ? ಪರಮಾನಂದಂಗೆ." ಮುನಿರಾಜು ಕೂರಲು ಜಾಗ ಹುಡುಕಿ, ಸಿಗದೆ ನಿಂತೇ ಇದ್ದ. "ಆಂಬುಲೆನ್ಸ್ ಮಾಡ್ಸು ಅಂದವ್ನೇ ಮೊನ್ನೆಯಿಂದ ಬಿಲ್ಡರ್ ಮನೇಲಿ ಕೂತಿದ್ನಂತೆ. ಬಾ ಮಾವ, ಕೆಳಗೆ ಹೋಗಾಣ. ಇನ್ನ್ಯಾಕೆ ಇಲ್ಲಿ? ಮುಗೀತಲ್ಲ."

"ಸೀಟಿ ಊದಿಲ್ಲ."

"ಏನು?"

"ಕೆಲ್ಸ ಬಿಡೋಕೆ ಸೀಟಿ ಊದ್ತಾರೆ. ಇನ್ನೂ ಊದಿಲ್ಲ. ನೀನ್ ಓಗು."

ಆ ಸಂಜೆ ಮನೆ ಮುಂದಿನ ಪ್ಲಾಸ್ಟಿಕ್ ಕುರ್ಚಿಗಳು ಖಾಲಿಯಿದ್ದವು. ಅರ್ಜಿ ಹಿಡಿದವರ ಕಾಲಿಗೆ ದಾರಿ ಬೇಗ ಗೊತ್ತಾಗುತ್ತದೆ.

ಶುಕ್ರವಾರ ಅವನು ಹಳೆಯ ಪ್ಯಾಂಟಿಗೆ ಕಾಲು ತೂರಿಸುತ್ತಿದ್ದಾಗ ಅನುಸೂಯಮ್ಮ ಬಾಗಿಲಲ್ಲಿ ನಿಂತಳು.

"ಎಲ್ಲಿಗೆ?"

"ಸೈಟಿಗೆ."

"ಇನ್ನೂ ಯಾಕಂತ? ಟಿಕೇಟು ಓಯ್ತಲ್ಲ."

ಮುನಿಯಣ್ಣ ಅವಳನ್ನು ನೋಡಿದ. ಮಂಗಳವಾರದಿಂದ ಡಬ್ಬಿ ಕಟ್ಟಿಕೊಟ್ಟವಳು, ಎಣ್ಣೆ ಹಚ್ಚಿದವಳು. ಅವಳೂ ಅದನ್ನು ಟಿಕೆಟಿಗಾಗಿ ಮಾಡುವ ಕೆಲಸ ಅಂತಲೇ ಅಂದುಕೊಂಡಿದ್ದಳು. ಸಿಟ್ಟು ಬರಲಿಲ್ಲ. ತಾನಾದರೂ ಹಾಗಂದುಕೊಂಡಿರಲಿಲ್ಲ ಅಂತ ಆಣೆ ಮಾಡಿ ಹೇಳಲು ಅವನಿಗೂ ಧೈರ್ಯ ಬರಲಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಈ ಆಟವೂ ಗೆದ್ದೀತು ಅನ್ನುವ ಆಸೆ ಇತ್ತು. ನಿನ್ನೆ ಮಧ್ಯಾಹ್ನದವರೆಗೂ ಇತ್ತು.

"ಡಬ್ಬಿ ಕಟ್ಟಿದ್ದೀಯಾ?"

"ಇಲ್ಲ. ಓಗಾಕಿಲ್ಲ ಅನ್ಕೊಂಡೆ."

ಹಾಗೇ ಹೊರಟ.

ಸೈಟಿನಲ್ಲಿ ಮ್ಯಾನೇಜರ್ ಅವತ್ತು ಕಾರಿನೊಳಗೆ ಕೂತಿರಲಿಲ್ಲ. ಸಾಲಿನ ಮುಂದೆ ಕೊಟ್ರಪ್ಪನ ಪಕ್ಕದಲ್ಲೇ ನಿಂತಿದ್ದ. ರಾಯಚೂರಿನ ಆಳು ಬೆನ್ನಿಗೆ ಚೀಲ ಹಾಕಿಕೊಂಡು ಒಂದು ಬದಿಗಿದ್ದ. ಆಚೆ ಶೆಡ್ಡಿನ ಬಾಗಿಲಲ್ಲಿ ಮಹಾನಂದಾ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಟ್ಟು ಕಾಯುತ್ತಿದ್ದಳು. ಅವಳ ಹಿಂದೆ, ಕತ್ತಲಲ್ಲಿ, ಬಿಳಿ ಪ್ಲಾಸ್ಟರಿನ ಕಾಲೊಂದು ಮಾತ್ರ ಕಾಣುತ್ತಿತ್ತು.

ಮುನಿಯಣ್ಣ ಸಾಲಿನ ಕೊನೆಗೆ ಹೋಗಿ ನಿಂತ.

ಮ್ಯಾನೇಜರ್ ನಮಸ್ಕಾರ ಮಾಡಲಿಲ್ಲ. "ಸಾಕು ಸಾರ್ ಇದು. ನಮಗೂ ಮೇಲಿಂದ ಪ್ರೆಶರ್ ಇದೆ. ನೀವು ಮನೆಗೆ ಹೋಗಿ. ಏ ಕೊಟ್ರಪ್ಪ, ಮಲಕಪ್ಪನ ಜಾಗ ಖಾಲಿ ಅಂತ ಹೊಡಿ. ಆ ಹುಡುಗನ್ನ ತಗೋ."

ಮುನಿಯಣ್ಣ ಬಾಯಿ ಬಿಡಲಿಲ್ಲ. ಬಿಟ್ಟರೆ ಎಂಎಲ್‌ಎಯ ಮಾತೇ ಬರುತ್ತಿತ್ತು. ಅದಕ್ಕೆ ಇವತ್ತು ಬೆಲೆಯಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅವನ ಬಳಿ ಉಳಿದದ್ದು ಆ ಸಾಲಿನಲ್ಲಿ ನಿಂತ ಮೈ ಒಂದೇ. ಅವನು ಕಾಲು ಕೊಂಚ ಅಗಲಿಸಿ, ಎಡಮೂಲೆಯಲ್ಲಿ ನಿಲ್ಲುವ ಹಾಗೆ ನಿಂತ.

ಕೊಟ್ರಪ್ಪ ಮ್ಯಾನೇಜರನನ್ನು ನೋಡಿದ, ಮುತ್ತಣ್ಣನನ್ನು ನೋಡಿದ. ಮುತ್ತಣ್ಣ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಿದ್ದ. ಅವನ ಹಿಂದೆ ಇನ್ನೂ ಇಬ್ಬರು. ಯಾರೂ ಕೂಗಾಡಲಿಲ್ಲ. ಅವತ್ತು ಸಂಜೆಯೊಳಗೆ ಸ್ಲ್ಯಾಬಿನ ಕಂಬಿ ಮುಗಿಯದಿದ್ದರೆ ನಾಳೆ ಕಾಂಕ್ರೀಟ್ ಇಲ್ಲ ಅಂತ ಮ್ಯಾನೇಜರನಿಗೂ ಗೊತ್ತಿತ್ತು.

ಕೊಟ್ರಪ್ಪ ಹಾಜರಿ ಪುಸ್ತಕ ಬಿಡಿಸಿದ. "ಆಳು ನಿಂತೈತಲ್ಲ ಸಾರ್. ಜಾಗ ಖಾಲಿ ಎಲ್ಲೈತೆ?"

"ಏನ್ ಮಾತಾಡ್ತಿದ್ದೀಯ ನೀನು?"

"ಬದಲಿ ಬಂದ್ರೆ ಜಾಗ ಖಾಲಿ ಅನ್ನಂಗಿಲ್ಲ ಸಾರ್. ಮೊದಲಿಂದ್ಲೂ ಗ್ಯಾಂಗಲ್ಲಿ ಹಂಗೇ. ಇವತ್ತು ಇವರದ್ದು ತೆಗೆದ್ರೆ ನಾಳೆ ನನ್ನ ಗ್ಯಾಂಗೇ ಇರಲ್ಲ."

ಮ್ಯಾನೇಜರ್ ಫೋನ್ ತೆಗೆದ. ಯಾರಿಗೆ ಹಚ್ಚಬೇಕು ಅಂತ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಜೇಬಿಗಿಟ್ಟುಕೊಂಡು ಆಫೀಸಿನ ಕಡೆ ನಡೆದ. ರಾಯಚೂರಿನವನು ಚೀಲ ಕೆಳಗಿಳಿಸಿ, ಬೇರೆ ಗ್ಯಾಂಗಿನ ಮೇಸ್ತ್ರಿ ಯಾರು ಅಂತ ಪಕ್ಕದವನನ್ನು ಕೇಳಿದ.

ಕೊಟ್ರಪ್ಪ ಹಾಜರಿ ಶುರುಮಾಡಿದ. ಒಬ್ಬೊಬ್ಬರ ಹೆಸರೂ ಕೂಗುತ್ತ ಬಂದ. ಸಾಲಿನ ಕೊನೆಗೆ ಬಂದಾಗ ಅವನ ದನಿಯಲ್ಲಿ ಸಾರ್ ಇರಲಿಲ್ಲ, ಪಿಸುದನಿಯೂ ಇರಲಿಲ್ಲ.

"ಮಲಕಪ್ಪ!"

ಮುನಿಯಣ್ಣ ತಲೆ ಎತ್ತಿ ಶೆಡ್ಡಿನ ಬಾಗಿಲ ಕಡೆ ನೋಡಿದ.

"ಏ, ಕಿವಿ ಕೇಳಲ್ವೇನ್ರೀ? ಹೊತ್ತಾಗ್ತೈತೆ. ಮಲಕಪ್ಪ!"

"ಇವ್ನಿ," ಅಂದ ಮುನಿಯಣ್ಣ.

ಶೆಡ್ಡಿನ ಒಳಗಿನಿಂದ ಯಾರೋ ಜೋರಾಗಿ ನಕ್ಕರು. ಮಹಾನಂದಾ ಗೋಣಿಚೀಲದಿಂದ ಪಾತ್ರೆ ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು.